ವರ್ಡ್‌ಪ್ರೆಸ್‌ನ ಕೆಟಗರಿ ಮತ್ತು ಟ್ಯಾಗ್: ಎರಡನ್ನೂ ಆರು ವರ್ಷ ಬಳಸಿದ ಮೇಲೆ

ಗುಲಾಬಿ ಗಿಡಕ್ಕೆ ಹುಳ ಬಿದ್ದರೆ ಏನು ಮಾಡಬೇಕು ಅಂತ ಒಂದು ಲೇಖನ ಬರೆದಿದ್ದೀರಿ ಅಂದುಕೊಳ್ಳಿ. ಅದನ್ನು ಎಲ್ಲಿ ಹಾಕುತ್ತೀರಿ? ಹೂಗಿಡ ಅನ್ನೋ ವಿಭಾಗಕ್ಕಾ, ಹುಳ-ರೋಗ ಅನ್ನೋ ವಿಭಾಗಕ್ಕಾ? ಎರಡೂ ಸರಿ ಅನಿಸುತ್ತದೆ ಅಲ್ವಾ? ನಾವು ಐದು ಜನ ಸೇರಿ ಮನೆ ತೋಟದ ಬಗ್ಗೆ ಒಂದು ವೆಬ್‌ಸೈಟ್ ನಡೆಸುತ್ತೇವೆ, ಎಲ್ಲವೂ ವರ್ಡ್‌ಪ್ರೆಸ್ ಅನ್ನೋ ವೆಬ್‌ಸೈಟ್ ನಡೆಸುವ ತಂತ್ರಾಂಶದಲ್ಲಿ. ನಮ್ಮಲ್ಲಿ ವಾದ ಶುರುವಾಗಿದ್ದೇ ಈ ಗುಲಾಬಿ ಲೇಖನದಿಂದ. ಆರು ವರ್ಷದಲ್ಲಿ ಲೇಖನ 400 ದಾಟಿವೆ. ಮೊದಲು ಬರೀ ಕೆಟಗರಿ, ಅಂದರೆ ವಿಭಾಗ, ಇಟ್ಟುಕೊಂಡಿದ್ದೆವು, ಆಮೇಲೆ ಟ್ಯಾಗ್, ಅಂದರೆ ಲೇಖನಕ್ಕೆ ಅಂಟಿಸುವ ಗುರುತಿನ ಪದ, ನಂಬಿಕೊಂಡೆವು, ಈಗ ಎರಡನ್ನೂ ಬೇರೆ ಬೇರೆ ಕೆಲಸಕ್ಕೆ ಇಟ್ಟುಕೊಂಡಿದ್ದೇವೆ. ಹಾಗಾಗಿ ಇದು ಇಡೀ ವರ್ಡ್‌ಪ್ರೆಸ್‌ನ ವಿಮರ್ಶೆ ಅಲ್ಲ. ಲೇಖನ ಜೋಡಿಸಿಡೋಕೆ ಅದು ಕೊಡುವ ಈ ಎರಡು ಸೌಲಭ್ಯಗಳ ಬಗ್ಗೆ ಮಾತ್ರ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಎರಡೂ ಚೆನ್ನಾಗಿವೆ, ಗಟ್ಟಿಯಾಗಿವೆ. ಆದರೆ ಟ್ಯಾಗ್‌ಗೆ ಕೊಟ್ಟಿರುವ ಸಲಿಗೆ ಜಾಸ್ತಿ. ಒಬ್ಬರೇ ಬರೆಯುವ ಸೈಟ್‌ಗೆ ಅದು ಪರವಾಗಿಲ್ಲ, ನಾಲ್ಕೈದು ಜನ ಬರೆಯುವ ಕಡೆ ಅದನ್ನು ಮೊದಲ ದಿನವೇ ಬಿಗಿ ಮಾಡಬೇಕು.

ಮೂಲ ವ್ಯತ್ಯಾಸ ಚಿಕ್ಕದು. ಕೆಟಗರಿಗೆ ಮರದ ಹಾಗೆ ಕೊಂಬೆಗಳಿರುತ್ತವೆ: ಹೂಗಿಡದ ಕೆಳಗೆ ಬಳ್ಳಿ, ಬಳ್ಳಿಯ ಕೆಳಗೆ ಇನ್ನೊಂದು. ಟ್ಯಾಗ್‌ಗೆ ಮೇಲು ಕೆಳಗು ಇಲ್ಲ, ಎಲ್ಲವೂ ಒಂದೇ ಸಾಲು. ವರ್ಡ್‌ಪ್ರೆಸ್ ಬಂದಿದ್ದು 2003ರಲ್ಲಿ, ಟ್ಯಾಗ್ ಅದರೊಳಗೇ ಸೇರಿದ್ದು 2007ರ ಸೆಪ್ಟೆಂಬರ್‌ನಲ್ಲಿ, 2.3 ಆವೃತ್ತಿಯ ಜೊತೆ. ಅಲ್ಲಿಯವರೆಗೆ ಟ್ಯಾಗ್ ಬೇಕು ಅಂದವರು ಪ್ಲಗಿನ್, ಅಂದರೆ ಮೇಲಿಂದ ಸೇರಿಸುವ ಪುಟ್ಟ ತಂತ್ರಾಂಶ, ಹಾಕಿಕೊಳ್ಳಬೇಕಿತ್ತು. ಅಷ್ಟರಲ್ಲಿ ಲಿಂಕ್ ಕೂಡಿಡುವ ಡೆಲಿಷಸ್, ಫೋಟೋ ಹಾಕುವ ಫ್ಲಿಕರ್ ಥರದ ತಾಣಗಳು ಎಲ್ಲರಿಗೂ ಟ್ಯಾಗ್‌ನ ರುಚಿ ಹತ್ತಿಸಿದ್ದವು. ತೋಚಿದ ಪದ ಹಾಕು, ಆಮೇಲೆ ಆ ಪದ ಒತ್ತಿದರೆ ಎಲ್ಲವೂ ಬರುತ್ತದೆ, ಇಷ್ಟೇ. ಥಾಮಸ್ ವಾಂಡರ್ ವಾಲ್ ಅನ್ನೋರು ಹೀಗೆ ಜನರೇ ಪದ ಹಾಕಿ ಜೋಡಿಸುವ ರೀತಿಗೆ 2004ರಲ್ಲಿ ಫೋಕ್ಸಾನಮಿ ಅಂತ ಹೆಸರಿಟ್ಟರು. ಆದರೆ ಒಂದು ಮಾತು ಗಮನಿಸಿ. ಡೆಲಿಷಸ್‌ನಲ್ಲಿ ಟ್ಯಾಗ್ ಹಾಕುತ್ತಿದ್ದವರೇ ನಾಳೆ ಅದನ್ನು ಹುಡುಕುತ್ತಿದ್ದವರು. ತಾವು ಏನು ಬರೆದುಕೊಂಡಿದ್ದೇವೆ ಅಂತ ಅವರಿಗೆ ನೆನಪಿರುತ್ತಿತ್ತು. ಲೇಖನದ ಸೈಟ್‌ನಲ್ಲಿ ಹಾಗಲ್ಲ. ಹಾಕುವವರು ನಾವು, ಹುಡುಕುವವರು ನಮ್ಮನ್ನು ನೋಡದೇ ಇರುವ ಓದುಗರು. ನಮ್ಮ ತಲೆಯಲ್ಲಿರುವ ಪದ ಅವರಿಗೆ ಹೇಗೆ ಗೊತ್ತಾಗಬೇಕು?

ಮೊದಲ ಎರಡು ವರ್ಷ ನಮ್ಮಲ್ಲಿ ಬರೀ ಕೆಟಗರಿ. ಅದರ ಒಳ್ಳೆಯ ಗುಣ ನಿಜಕ್ಕೂ ದೊಡ್ಡದು: ಹೊಸಬರು ಬಂದು ಮೆನು ನೋಡಿದ ಕೂಡಲೇ ಈ ಸೈಟ್‌ನಲ್ಲಿ ಏನೇನಿದೆ ಅಂತ ಅವರಿಗೆ ಒಂದು ಅಂದಾಜು ಸಿಗುತ್ತದೆ. ಬರೆಯುವವರಿಗೂ ಸುಲಭ. ಎಡಿಟರ್‌ನ, ಅಂದರೆ ಲೇಖನ ಬರೆಯುವ ಪರದೆಯ, ಬಲಗಡೆ ಪಟ್ಟಿ ಇರುತ್ತದೆ, ಟಿಕ್ ಹಾಕಿದರೆ ಮುಗಿಯಿತು. ಟಿಕ್ ಹಾಕೋದು ಮರೆತರೆ ಲೇಖನ ಡೀಫಾಲ್ಟ್ ಕೆಟಗರಿಗೆ ಹೋಗುತ್ತದೆ, ಅದರ ಹುಟ್ಟು ಹೆಸರೇ ಅನ್‌ಕ್ಯಾಟಗರೈಸ್ಡ್. ಅದನ್ನು ಅಳಿಸೋಕೆ ಬರುವುದಿಲ್ಲ, ಆದರೆ ಹೆಸರು ಬದಲಿಸಬಹುದು ಅಥವಾ ಸೆಟ್ಟಿಂಗ್ಸ್‌ನ ರೈಟಿಂಗ್ ಪುಟದಲ್ಲಿ ಬೇರೆ ಕೆಟಗರಿಯನ್ನು ಡೀಫಾಲ್ಟ್ ಮಾಡಬಹುದು. ದಯವಿಟ್ಟು ಮಾಡಿ. ಓದುಗರ ಕಣ್ಣಿಗೆ ಆ ಹೆಸರು ಬಿದ್ದರೆ ಇಲ್ಲಿ ಯಾರೂ ನೋಡಿಕೊಳ್ಳುತ್ತಿಲ್ಲ ಅನಿಸುತ್ತದೆ.

ತೊಂದರೆ ಶುರುವಾಗೋದು ಲೇಖನಗಳು ಎರಡು ಗುಂಪಿಗೂ ಸೇರತೊಡಗಿದಾಗ. ಗುಲಾಬಿ ಲೇಖನಕ್ಕೆ ಎರಡೂ ಕೆಟಗರಿಗೆ ಟಿಕ್ ಹಾಕಿದೆವು, ವರ್ಡ್‌ಪ್ರೆಸ್ ಅದಕ್ಕೆ ಬೇಡ ಅನ್ನುವುದಿಲ್ಲ. ಆಮೇಲೆ ಎಲ್ಲ ಲೇಖನಕ್ಕೂ ಎರಡು, ಮೂರು, ನಾಲ್ಕು ಟಿಕ್ ಬೀಳತೊಡಗಿ, ಕೊನೆಗೆ ಯಾವ ಕೆಟಗರಿ ತೆರೆದರೂ ಹೆಚ್ಚುಕಮ್ಮಿ ಅದೇ ಲೇಖನಗಳು ಕಾಣುವ ಹಾಗಾಯಿತು. ಇದರ ಜೊತೆ ಪರ್ಮಾಲಿಂಕ್, ಅಂದರೆ ಲೇಖನದ ಕಾಯಂ ಲಿಂಕ್, ಅದರಲ್ಲಿ ಕೆಟಗರಿಯ ಹೆಸರೂ ಬರುವ ಹಾಗೆ ಇಟ್ಟುಕೊಂಡಿದ್ದೆವು. ಒಂದು ಲೇಖನಕ್ಕೆ ಹಲವು ಕೆಟಗರಿ ಇದ್ದರೆ ಲಿಂಕ್‌ಗೆ ಯಾವುದು ಹೋಗುತ್ತದೆ ಗೊತ್ತಾ? ಐಡಿ ಸಂಖ್ಯೆ ಚಿಕ್ಕದಿರುವುದು, ಅಂದರೆ ನೀವು ಮೊದಲು ಮಾಡಿಟ್ಟ ಕೆಟಗರಿ. ಲೇಖನದ ವಿಷಯಕ್ಕೂ ಅದಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ. ಹೊಸದಾಗಿ ಸೈಟ್ ಮಾಡುವವರು ಲಿಂಕ್‌ನಲ್ಲಿ ಲೇಖನದ ಹೆಸರು ಮಾತ್ರ ಇಟ್ಟುಕೊಳ್ಳಿ. ನಾಳೆ ಕೆಟಗರಿ ಬದಲಿಸಿದರೂ ಲಿಂಕ್ ಹಾಗೇ ಇರುತ್ತದೆ.

ಆಮೇಲೆ ಟ್ಯಾಗ್ ಕಾಲ ಬಂತು. ಮೊದಲ ತಿಂಗಳು ಹಬ್ಬವೇ. ಲೇಖನ ಬರೆದ ಮೇಲೆ ಪದ ಟೈಪ್ ಮಾಡಿ ಅಲ್ಪವಿರಾಮ ಒತ್ತಿದರೆ ಟ್ಯಾಗ್ ರೆಡಿ. ಯಾರನ್ನೂ ಕೇಳಬೇಕಾಗಿಲ್ಲ. ತೊಡಕು ಇರೋದೂ ಇಲ್ಲೇ. ವರ್ಡ್‌ಪ್ರೆಸ್‌ನಲ್ಲಿ ಆಥರ್, ಅಂದರೆ ಬರೆಯುವವರ, ದರ್ಜೆಯವರಿಗೆ ಹೊಸ ಕೆಟಗರಿ ಮಾಡೋಕೆ ಆಗುವುದಿಲ್ಲ, ಅದಕ್ಕೆ ಎಡಿಟರ್ ಅಥವಾ ಅಡ್ಮಿನ್ ದರ್ಜೆಯವರು ಬೇಕು. ಆದರೆ ಅದೇ ಆಥರ್ ಹೊಸ ಟ್ಯಾಗ್ ಎಷ್ಟು ಬೇಕಾದರೂ ಮಾಡಬಹುದು. ಒಂದು ಬಾಗಿಲಿಗೆ ಬೀಗ, ಪಕ್ಕದ್ದು ಹಾಗೇ ತೆರೆದಿದೆ.

ನಾನು ಒಂದು ದಿನ ಟ್ಯಾಗ್ ಪುಟ ತೆರೆದು ಕೂತೆ. ಕ, ಗ, ಹ ಅಂತ ಅಕ್ಷರದ ಸಾಲಿನಲ್ಲಿ ನೋಡುತ್ತಾ ಹೋದರೆ ಗೊಬ್ಬರ, ಗೊಬ್ಬರಗಳು, ಸಾವಯವ ಗೊಬ್ಬರ, ಎರೆಗೊಬ್ಬರ, ಎರೆಹುಳು ಗೊಬ್ಬರ. ಕಾಂಪೋಸ್ಟ್ ಬೇರೆ, ಕಂಪೋಸ್ಟ್ ಬೇರೆ. ಹುಳ, ಹುಳು, ಹುಳುಗಳು, ಕೀಟ, ಕೀಟಗಳು, ಕೀಟ ಬಾಧೆ. ಪ್ರತಿಯೊಂದಕ್ಕೂ ಅದರದೇ ಒಂದು ಪುಟ ಹುಟ್ಟಿಕೊಂಡಿದೆ, ಹೆಚ್ಚಿನ ಪುಟಗಳಲ್ಲಿ ಇರೋದು ಒಂದೇ ಲೇಖನ. ಹುಳ ಅಂತ ಒತ್ತಿದ ಓದುಗರಿಗೆ ಮೂರು ಲೇಖನ ಸಿಗುತ್ತದೆ, ಇಷ್ಟೇನಾ ಅಂದುಕೊಂಡು ಹೋಗುತ್ತಾರೆ, ಕೀಟ ಅನ್ನೋ ಟ್ಯಾಗ್ ಅಡಿ ಇನ್ನೂ ಇಪ್ಪತ್ತು ಕೂತಿವೆ. ಯಾರೂ ತಪ್ಪು ಮಾಡಿರಲಿಲ್ಲ. ಐದೂ ಜನ ಅವರವರ ಮಾತಿನಲ್ಲಿ ಸರಿಯಾದ ಪದವನ್ನೇ ಬರೆದಿದ್ದರು. ಕನ್ನಡದಲ್ಲಿ ಒಂದೇ ವಸ್ತುವಿಗೆ ಆಡುಮಾತು, ಪುಸ್ತಕದ ಮಾತು, ಇಂಗ್ಲಿಷಿನಿಂದ ಬಂದ ಮಾತು ಮೂರೂ ಚಾಲ್ತಿಯಲ್ಲಿರುತ್ತವೆ. ಮೇಲೆ ಏಕವಚನ, ಬಹುವಚನ ಬೇರೆ. ಟೈಪ್ ಮಾಡುವಾಗ ವರ್ಡ್‌ಪ್ರೆಸ್ ಹಳೆಯ ಟ್ಯಾಗ್‌ಗಳನ್ನು ಸೂಚಿಸುತ್ತದೆ ನಿಜ, ಆದರೆ ನೀವು ಕೀ ಅಂತ ಶುರು ಮಾಡಿದರೆ ಅದು ಹುಳ ತೋರಿಸೋದು ಹೇಗೆ?

ಇದರ ಮಧ್ಯೆ ಲೇಖನ ಓದಿ ತಾನೇ ಟ್ಯಾಗ್ ಹಾಕುತ್ತದೆ ಅನ್ನೋ ಒಂದು ಪ್ಲಗಿನ್ ಕೂಡ ಹಾಕಿದೆವು. ಅದರ ಹೆಸರು ಬೇಡ. ಹೂ ಅನ್ನೋ ಪದ ಎಲ್ಲಿ ಬಂದರೂ ಹೂ ಅನ್ನೋ ಟ್ಯಾಗ್ ಅಂಟಿಸಿತು. ಮನೆ ತೋಟದ ಸೈಟ್‌ನಲ್ಲಿ ಹೂ ಬರದ ಲೇಖನ ಎಷ್ಟಿರುತ್ತವೆ? ಒಂದು ವಾರಕ್ಕೆ ತೆಗೆದುಹಾಕಿದೆವು.

ದಾರಿ ತೋರಿಸಿದ್ದು ಗ್ರಂಥಾಲಯದ ಜನರ ಹಳೆಯ ವಿಚಾರ. ಡ್ಯೂಯಿ ಅವರ ದಶಮಾಂಶ ಪದ್ಧತಿ 1876ರದ್ದು. ಕಪಾಟಿನಲ್ಲಿ ಒಂದು ಪುಸ್ತಕಕ್ಕೆ ಒಂದೇ ಜಾಗ ಇರಬೇಕು, ಯಾಕೆಂದರೆ ಪುಸ್ತಕ ಒಂದೇ ಇರುತ್ತದೆ. ನಮ್ಮ ಕೆಟಗರಿ ಯೋಚನೆ ಇದೇ. ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಕೋಲನ್ ವರ್ಗೀಕರಣ ತಂದಾಗ ಬೇರೆ ಥರ ಯೋಚಿಸಿದರು. ಒಂದು ವಿಷಯಕ್ಕೆ ಹಲವು ಮುಖ ಇರುತ್ತವೆ. ಯಾವುದರ ಬಗ್ಗೆ, ಯಾವ ವಸ್ತು, ಯಾವ ಕೆಲಸ, ಎಲ್ಲಿ, ಯಾವಾಗ. ಒಂದೊಂದು ಮುಖವನ್ನೂ ಬೇರೆ ಬೇರೆಯಾಗಿ ಗುರುತಿಸಿ ಆಮೇಲೆ ಜೋಡಿಸಿ. ಇದನ್ನು ಓದಿದಾಗ ನಮ್ಮ ಗುಲಾಬಿ ಜಗಳ ಏನು ಅಂತ ನನಗೆ ಅರ್ಥವಾಯಿತು. ಗುಲಾಬಿ ಅನ್ನೋದು ಯಾವ ಗಿಡ ಅನ್ನೋ ಪ್ರಶ್ನೆಗೆ ಉತ್ತರ. ಹುಳ ಅನ್ನೋದು ಏನು ತೊಂದರೆ ಅನ್ನೋ ಪ್ರಶ್ನೆಗೆ ಉತ್ತರ. ಎರಡು ಬೇರೆ ಪ್ರಶ್ನೆಗಳ ಉತ್ತರವನ್ನು ಒಂದೇ ಪಟ್ಟಿಯಲ್ಲಿ ತುರುಕಿದ್ದೆವು, ಅದಕ್ಕೇ ಆರಿಸೋಕೆ ಆಗುತ್ತಿರಲಿಲ್ಲ.

ಇಲ್ಲಿ ವರ್ಡ್‌ಪ್ರೆಸ್ ನಿಜಕ್ಕೂ ಮೆಚ್ಚುಗೆ ಆಗುತ್ತದೆ. ಒಳಗೆ ನೋಡಿದರೆ ಕೆಟಗರಿ, ಟ್ಯಾಗ್ ಎರಡೂ ಡೇಟಾಬೇಸ್‌ನ ಅದೇ ಟೇಬಲ್‌ಗಳಲ್ಲಿ ಇರುತ್ತವೆ. ಅದರ ಮಾತಿನಲ್ಲಿ ಎರಡೂ ಟ್ಯಾಕ್ಸಾನಮಿ, ಅಂದರೆ ಲೇಖನ ಗುಂಪು ಮಾಡುವ ಪಟ್ಟಿ. ನಿಮಗೆ ಮೂರನೆಯದು, ನಾಲ್ಕನೆಯದು ಬೇಕಾದರೆ ನೀವೇ ಮಾಡಿಕೊಳ್ಳಬಹುದು. ಕೋಡ್ ಬರೆಯೋಕೆ ಬಂದರೆ ಕೆಲವೇ ಸಾಲು, ಬರದಿದ್ದರೆ ಕಸ್ಟಮ್ ಪೋಸ್ಟ್ ಟೈಪ್ ಯುಐ ಅನ್ನೋ ಪ್ಲಗಿನ್ ಸಾಕು. ನಾವು ಗಿಡ ಅಂತ ಒಂದು ಹೊಸ ಟ್ಯಾಕ್ಸಾನಮಿ ಮಾಡಿದೆವು. ಕೆಟಗರಿಯನ್ನು ಕೆಲಸದ ಬಗೆಗೆ ಇಟ್ಟುಕೊಂಡೆವು: ನೆಡುವುದು, ಗೊಬ್ಬರ, ನೀರು, ಹುಳ-ರೋಗ, ಸವರುವುದು, ಕುಂಡ. ಆರೇ ಆರು, ಒಂದು ಲೇಖನಕ್ಕೆ ಒಂದೇ. ಗುಲಾಬಿ ಲೇಖನಕ್ಕೆ ಈಗ ಕೆಟಗರಿ ಹುಳ-ರೋಗ, ಗಿಡ ಗುಲಾಬಿ. ವಾದ ಮಾಡೋಕೆ ಏನೂ ಉಳಿದಿಲ್ಲ.

ಇನ್ನೊಂದು ಉಪಾಯ ಹೇಳುತ್ತೇನೆ, ಇದು ತುಂಬಾ ಕೆಲಸಕ್ಕೆ ಬಂತು. ಹೊಸ ಟ್ಯಾಕ್ಸಾನಮಿ ಮಾಡುವಾಗ ಹೈರಾರ್ಕಿಕಲ್, ಅಂದರೆ ಮೇಲು ಕೆಳಗು ಇರುವ, ಅನ್ನೋ ಆಯ್ಕೆ ಇರುತ್ತದೆ. ಗಿಡಗಳಿಗೆ ಕೊಂಬೆ ಬೇಕಾಗಿಲ್ಲದಿದ್ದರೂ ಅದನ್ನು ಆನ್ ಮಾಡಿ. ಆಗ ಎಡಿಟರ್‌ನಲ್ಲಿ ಅದು ಟ್ಯಾಗ್ ಥರ ಟೈಪ್ ಮಾಡುವ ಪೆಟ್ಟಿಗೆ ಆಗದೆ ಕೆಟಗರಿ ಥರ ಟಿಕ್ ಹಾಕುವ ಪಟ್ಟಿ ಆಗುತ್ತದೆ, ಆಥರ್‌ಗಳು ಇದ್ದುದರಲ್ಲಿ ಆರಿಸಬಹುದೇ ಹೊರತು ಹೊಸದು ಸೇರಿಸೋಕೆ ಆಗುವುದಿಲ್ಲ. ತೆರೆದಿದ್ದ ಬಾಗಿಲಿಗೂ ಬೀಗ ಬಿತ್ತು. ಅಲ್ಲೇ ಶೋ ಇನ್ ರೆಸ್ಟ್ ಅಂತಲೂ ಒಂದು ಆಯ್ಕೆ ಇದೆ, ಅದು ಆನ್ ಇರಲೇಬೇಕು. ಇಲ್ಲದಿದ್ದರೆ ಬ್ಲಾಕ್ ಎಡಿಟರ್ ಅನ್ನೋ ಈಗಿನ ಬರೆಯುವ ಪರದೆಯಲ್ಲಿ ನಿಮ್ಮ ಪಟ್ಟಿ ಕಾಣಿಸುವುದೇ ಇಲ್ಲ.

ಹಳೆಯ ಟ್ಯಾಗ್‌ಗಳನ್ನು ಒಟ್ಟುಗೂಡಿಸೋಕೆ ವರ್ಡ್‌ಪ್ರೆಸ್‌ನಲ್ಲೇ ಬಟನ್ ಇಲ್ಲ, ಇದೊಂದು ಕೊರತೆಯೇ. ಟರ್ಮ್ ಮ್ಯಾನೇಜ್‌ಮೆಂಟ್ ಟೂಲ್ಸ್ ಅನ್ನೋ ಪುಟ್ಟ ಪ್ಲಗಿನ್ ಆ ಕೆಲಸ ಮಾಡುತ್ತದೆ: ಹುಳ, ಹುಳು, ಕೀಟ ಎಲ್ಲಕ್ಕೂ ಟಿಕ್ ಹಾಕಿ ಮರ್ಜ್ ಅಂದರೆ ಎಲ್ಲ ಲೇಖನವೂ ಒಂದರ ಕೆಳಗೆ ಬರುತ್ತವೆ. ಮೊದಲು ಬ್ಯಾಕಪ್ ತೆಗೆದುಕೊಳ್ಳಿ, ಒಂದು ಸಲ ಸೇರಿಸಿದ ಮೇಲೆ ಬಿಡಿಸೋಕೆ ಬರುವುದಿಲ್ಲ.

ಕನ್ನಡದಲ್ಲಿ ಸೈಟ್ ಮಾಡುವವರಿಗೆ ಒಂದು ವಿಷಯ. ಗುಲಾಬಿ ಅನ್ನೋ ಟ್ಯಾಗ್ ಮಾಡಿದರೆ ಅದರ ಲಿಂಕ್ ಕೂಡ ಕನ್ನಡದಲ್ಲೇ ಆಗುತ್ತದೆ, ನೋಡೋಕೆ ಚಂದ. ಆದರೆ ಅದನ್ನು ಕಾಪಿ ಮಾಡಿ ಯಾರಿಗಾದರೂ ಕಳಿಸಿದರೆ ಎಷ್ಟೋ ಸಲ ಶೇಕಡಾ ಚಿಹ್ನೆ, ಅಕ್ಷರ, ಅಂಕಿಗಳ ಉದ್ದನೆಯ ಸಾಲಾಗಿ ಹೋಗುತ್ತದೆ. ಯೂನಿಕೋಡ್ ಲೆಕ್ಕದಲ್ಲಿ ಗುಣಿತದ ಗುರುತೂ ಒಂದು ಅಕ್ಷರ, ಪ್ರತಿ ಅಕ್ಷರಕ್ಕೂ 9 ಚಿಹ್ನೆ. ಗುಲಾಬಿ ಅಂದರೆ 6 ಅಕ್ಷರ, 54 ಚಿಹ್ನೆ. ಲಿಂಕ್‌ನಲ್ಲಿ ಬರುವ ಈ ಹೆಸರಿನ ಭಾಗಕ್ಕೆ ಸ್ಲಗ್ ಅಂತಾರೆ, ವರ್ಡ್‌ಪ್ರೆಸ್ ಅದಕ್ಕೆ ಕೊಡುವ ಜಾಗ 200 ಚಿಹ್ನೆ, ಅಂದರೆ 22 ಅಕ್ಷರ. ಉದ್ದನೆಯ ಹೆಸರಿಟ್ಟರೆ ಬಾಲ ಕತ್ತರಿಸಿ ಹೋಗುತ್ತದೆ. ನಾವು ಹೆಸರು ಕನ್ನಡದಲ್ಲಿ, ಸ್ಲಗ್ ಇಂಗ್ಲಿಷ್ ಅಕ್ಷರದಲ್ಲಿ ಇಡುತ್ತೇವೆ. ಇದನ್ನು ಶುರುವಿನಲ್ಲೇ ಮಾಡಿ. ಲೇಖನದ ಸ್ಲಗ್ ಬದಲಿಸಿದರೆ ವರ್ಡ್‌ಪ್ರೆಸ್ ಹಳೆಯ ಲಿಂಕ್‌ನಿಂದ ಹೊಸದಕ್ಕೆ ತಾನೇ ಕಳಿಸುತ್ತದೆ, ಕೆಟಗರಿ ಅಥವಾ ಟ್ಯಾಗ್‌ನ ಸ್ಲಗ್ ಬದಲಿಸಿದರೆ ಕಳಿಸುವುದಿಲ್ಲ, ಹಳೆಯ ಲಿಂಕ್ ಸತ್ತ ಹಾಗೆಯೇ.

ಬೇರೆಯವರು ಏನು ಮಾಡಿದ್ದಾರೆ ಅಂತಲೂ ಸ್ವಲ್ಪ ನೋಡಿದೆ. ವರ್ಡ್‌ಪ್ರೆಸ್ ಥರದ್ದೇ ತಂತ್ರಾಂಶ ಘೋಸ್ಟ್‌ನಲ್ಲಿ ಕೆಟಗರಿ ಅನ್ನೋದೇ ಇಲ್ಲ. ಎಲ್ಲವೂ ಟ್ಯಾಗ್, ಮೊದಲು ಹಾಕಿದ ಟ್ಯಾಗ್ ಮುಖ್ಯ ಟ್ಯಾಗ್ ಆಗುತ್ತದೆ. ಒಬ್ಬರೇ ಬರೆಯುವವರಿಗೆ ಇದು ತುಂಬಾ ಚೊಕ್ಕ. ಅಂಥದ್ದೇ ಇನ್ನೊಂದು, ಜೂಮ್ಲಾದಲ್ಲಿ ತದ್ವಿರುದ್ಧ, ಒಂದು ಲೇಖನಕ್ಕೆ ಒಂದೇ ಕೆಟಗರಿ. ಟ್ಯಾಗ್ ಬಂದಿದ್ದು 2013ರಲ್ಲಿ, 3.1 ಆವೃತ್ತಿಯಲ್ಲಿ. ಆ ಒಂದೇ ಕೆಟಗರಿ ನಿಯಮ ನನಗೆ ಈಗ ಬಹಳ ಇಷ್ಟ. ನಾವು ಆರು ವರ್ಷಕ್ಕೆ ಕಲಿತದ್ದನ್ನು ಅದು ಮೊದಲ ದಿನವೇ ಹೇಳುತ್ತದೆ.

ಹಾಗಾದರೆ ನಿಮಗೆ ಯಾವುದು? ಲೇಖನ ಮೂವತ್ತು ನಲವತ್ತರ ಒಳಗಿದ್ದರೆ ಟ್ಯಾಗ್ ಮುಟ್ಟಲೇಬೇಡಿ, ನಾಲ್ಕೈದು ಕೆಟಗರಿ ಸಾಕು. ಸುಮ್ನೆ ಇರಲಿ ಅಂತ ಹಾಕಿದ ಟ್ಯಾಗ್ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಒಬ್ಬರೇ ಬರೆಯುತ್ತಿದ್ದು ವಿಷಯ ಎಲ್ಲೆಲ್ಲೋ ಓಡುತ್ತಿದ್ದರೆ ಟ್ಯಾಗ್ ಒಳ್ಳೆಯದು, ಬಳಸುವ ಪದಗಳನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ನಾಲ್ಕೈದು ಜನ ಬರೆಯುವ ಕಡೆ ಕೆಟಗರಿ ಕಡಿಮೆ ಇರಲಿ, ಉಳಿದದ್ದಕ್ಕೆ ಟಿಕ್ ಹಾಕುವ ಪಟ್ಟಿ ಮಾಡಿ, ಪಟ್ಟಿಗೆ ಹೊಸ ಪದ ಸೇರಿಸುವ ಕೆಲಸ ಒಬ್ಬರ ಕೈಯಲ್ಲೇ ಇರಲಿ.

ನಮ್ಮಲ್ಲಿ ಆ ಒಬ್ಬರು ನಾನೇ. ತಿಂಗಳಿಗೊಮ್ಮೆ ಗಿಡಗಳ ಪಟ್ಟಿ ತೆರೆದು ಎಣಿಕೆಯ ಕಾಲಂ ಮೇಲೆ ಒತ್ತುತ್ತೇನೆ, ಒಂದೇ ಲೇಖನ ಇರುವ ಹೆಸರುಗಳು ಮೇಲೆ ಬರುತ್ತವೆ. ಸೇರಿಸಬೇಕಾದ್ದನ್ನು ಸೇರಿಸುತ್ತೇನೆ. ಕೆಲವನ್ನು ಹಾಗೇ ಬಿಟ್ಟು, ಆ ಗಿಡದ ಬಗ್ಗೆ ಎರಡನೇ ಲೇಖನ ಬರೆಯಿರಿ ಅಂತ ಯಾರಿಗಾದರೂ ಹೇಳುತ್ತೇನೆ. ಹೋದ ತಿಂಗಳು ಹಾಗೆ ಒಂಟಿಯಾಗಿ ಸಿಕ್ಕಿದ್ದು ದಾಸವಾಳ.