ಮಸಿ ಬಳಿದ ಪುಟಗಳ ವಾಚನಾಲಯ

ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತನ್ನ ಹಳೆಯ ಕಡತಗಳನ್ನು ತೆರೆದಿಟ್ಟಿರುವ ಅಂತರ್ಜಾಲ ವಾಚನಾಲಯಕ್ಕೆ ಶುಲ್ಕವಿಲ್ಲ, ನೋಂದಣಿಯ ಗೊಡವೆಯೂ ಇಲ್ಲ. ಸುಮಾರು 9.3 ಲಕ್ಷ ದಾಖಲೆಗಳ ಸಂಗ್ರಹವೊಂದು 2017ರ ಜನವರಿಯಲ್ಲಿ ಇಲ್ಲಿಗೆ ಬರುವವರೆಗೆ, ಅದನ್ನು ಓದಬೇಕೆನ್ನುವವರು ಮೇರಿಲ್ಯಾಂಡ್‌ನ ಕಾಲೇಜ್ ಪಾರ್ಕ್‌ನಲ್ಲಿರುವ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗಿ ಅಲ್ಲಿದ್ದ ನಾಲ್ಕೇ ಕಂಪ್ಯೂಟರುಗಳ ಮುಂದೆ ಕೂರಬೇಕಿತ್ತು. ಹಾರುವ ತಟ್ಟೆಗಳ ಕುತೂಹಲದಿಂದ ಬರುವವರಿಗೆ ಈ ವಾಚನಾಲಯ ಎಷ್ಟು ಉಪಯುಕ್ತ ಎಂಬುದಷ್ಟೇ ಇಲ್ಲಿಯ ವಿಚಾರ.

ಅನ್ಯಗ್ರಹದ ನೌಕೆಯನ್ನು ಹುಡುಕುವವರು ಬರಿಗೈಯಲ್ಲಿ ಮರಳುತ್ತಾರೆ; ಸರ್ಕಾರದ ಮೇಲೆ ಜನರಿಗೆ ಅನುಮಾನ ಏಕೆ ಬಂತೆಂದು ಹುಡುಕುವವರಿಗೆ ಮಾತ್ರ ಕೈತುಂಬ ಸಿಗುತ್ತದೆ. 1953ರ ಜನವರಿಯಲ್ಲಿ ಭೌತವಿಜ್ಞಾನಿ ಎಚ್. ಪಿ. ರಾಬರ್ಟ್‌ಸನ್ ನೇತೃತ್ವದಲ್ಲಿ ಸೇರಿದ ಸಮಿತಿಯ ವರದಿಯನ್ನೇ ನೋಡಿ. ಹಾರುವ ತಟ್ಟೆಗಳೆಂದು ಜನ ವರದಿ ಮಾಡುತ್ತಿದ್ದ ದೃಶ್ಯಗಳಿಂದ ದೇಶದ ಭದ್ರತೆಗೆ ನೇರ ಅಪಾಯವಿಲ್ಲವೆಂದು ತೀರ್ಮಾನಿಸಿದ ಸಮಿತಿ, ಜನರ ಮನಸ್ಸಿನಿಂದ ಈ ಕೌತುಕವನ್ನು ತೆಗೆಯಲು ಟೆಲಿವಿಷನ್ ಹಾಗೂ ಚಲನಚಿತ್ರಗಳನ್ನು ಬಳಸಬೇಕೆಂದೂ ಹಾರುವ ತಟ್ಟೆಗಳ ಹವ್ಯಾಸಿ ಸಂಘಗಳ ಮೇಲೆ ಕಣ್ಣಿಡಬೇಕೆಂದೂ ಸಲಹೆ ಕೊಟ್ಟಿತು. ಅಪಾಯವಿಲ್ಲದ ವಿಷಯಕ್ಕೆ ಕಾವಲೇಕೆ ಎಂದು ಓದುಗ ಕೇಳಿದರೆ ತಪ್ಪೇನು?

ಇದಕ್ಕಿಂತ ಬೆಲೆಯುಳ್ಳದ್ದು, ಇತಿಹಾಸಕಾರ ಜೆರಾಲ್ಡ್ ಹೇನ್ಸ್ ಹಾರುವ ತಟ್ಟೆಗಳ ವಿಷಯದಲ್ಲಿ ಸಿಐಎ ಪಾತ್ರದ ಕುರಿತು 1997ರಲ್ಲಿ ಪ್ರಕಟಿಸಿದ ಅಧ್ಯಯನ. 1955ರಲ್ಲಿ ಹಾರಾಟ ಆರಂಭಿಸಿದ ಯು-2 ಬೇಹುವಿಮಾನ 60,000 ಅಡಿಗೂ ಮೇಲೆ ಹಾರುತ್ತಿತ್ತು. ಅಷ್ಟು ಎತ್ತರದಲ್ಲಿ ವಿಮಾನವಿರಬಹುದೆಂದು ಯಾರೂ ಊಹಿಸದಿದ್ದ ಆ ಕಾಲದಲ್ಲಿ, ಅದರ ಬೆಳ್ಳಿಬಣ್ಣದ ಮೈ ಮುಸ್ಸಂಜೆಯ ಬಿಸಿಲಿಗೆ ಹೊಳೆಯುವುದನ್ನು ಕಂಡವರು ದೂರು ಬರೆದರು. ಸತ್ಯ ತಿಳಿದಿದ್ದ ವಾಯುಪಡೆಯ ತನಿಖೆಗಾರರು ಅದನ್ನು ಹಿಮದ ಹರಳುಗಳ, ಗಾಳಿಯ ಉಷ್ಣತೆಯ ಏರುಪೇರಿನ ಆಟವೆಂದು ಸಾಗಹಾಕಿದರು. ಐವತ್ತರ ದಶಕದ ಕೊನೆಯಿಂದ ಅರವತ್ತರ ದಶಕದವರೆಗಿನ ವರದಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಬೇಹುವಿಮಾನಗಳೇ ಕಾರಣವೆಂಬ ಹೇನ್ಸ್ ಮಾತನ್ನು ಪೂರ್ತಿ ಒಪ್ಪಲು ನನಗೆ ಹಿಂಜರಿಕೆ. ಹಾರಾಟದ ದಿನಚರಿಯನ್ನೂ ವರದಿಗಳನ್ನೂ ಅಕ್ಕಪಕ್ಕ ಇಟ್ಟು ತೋರಿಸುವ ಪಟ್ಟಿ ಅಲ್ಲಿಲ್ಲ. ಆದರೂ ಸುಳ್ಳು ಹೇಳಿದ್ದನ್ನು ಸಂಸ್ಥೆಯ ಪತ್ರಿಕೆಯಲ್ಲೇ ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ.

ಕೊರತೆಗಳು ಹಲವು. ಎಷ್ಟೋ ಪುಟಗಳ ಅಚ್ಚು ಮಸುಕಾಗಿರುವುದರಿಂದ ಯಂತ್ರಕ್ಕೆ ಅಕ್ಷರಗಳು ಸರಿಯಾಗಿ ದಕ್ಕಿಲ್ಲ, ಹಾಗಾಗಿ ಹುಡುಕಾಟವೂ ನಂಬಿಕೆಗೆ ಅರ್ಹವಲ್ಲ. ಹೆಸರುಗಳ ಮೇಲೆ ಬಳಿದ ಕಪ್ಪು ಮಸಿ, ಅಡಿಯಲ್ಲಿ ಏನೂ ಇಲ್ಲದಿದ್ದರೂ ಏನೋ ಇದೆಯೆನಿಸುತ್ತದೆ. ಭಾರತೀಯ ಓದುಗರು 1968ರಲ್ಲಿ ಲಡಾಖ್, ಸಿಕ್ಕಿಂ, ನೇಪಾಳ, ಭೂತಾನ್‌ಗಳ ಆಕಾಶದಲ್ಲಿ ಕಂಡ ಬೆಳಕಿನ ಕುರಿತ ಟಿಪ್ಪಣಿಯನ್ನು ತಪ್ಪದೆ ನೋಡಬೇಕು.

ಹೇನ್ಸ್ ಅಧ್ಯಯನದಿಂದ ಆರಂಭಿಸಿ ರಾಬರ್ಟ್‌ಸನ್ ವರದಿಗೆ ಹೋಗುವುದು ಸರಿಯಾದ ಕ್ರಮ. ವಾಯುಪಡೆ 1969ರವರೆಗೆ ಕಲೆಹಾಕಿದ 12,618 ವರದಿಗಳ, ಅವುಗಳಲ್ಲಿ ಬಗೆಹರಿಯದೆ ಉಳಿದ 701ರ ಮೂಲ ಕಡತಗಳು ಬೇಕಾದವರು ಈ ವಾಚನಾಲಯವನ್ನು ಬಿಟ್ಟು ರಾಷ್ಟ್ರೀಯ ಪತ್ರಾಗಾರದ ಕದವನ್ನೇ ತಟ್ಟಬೇಕು.