ಮೆತ್ತಗಿನ ಸವಾರಿಗೆ ಅಂತ ದೊಡ್ಡ ವೀಲ್ ಹಾಕಿಸೋ ಮೊದಲು ಇದನ್ನು ಓದಿ

ಟೈರ್ ಅಂಗಡಿಗೆ ಹೋಗಿ "ಕಾರು ಜಾಸ್ತಿ ಕುಲುಕಬಾರದು, ಕಂಫರ್ಟ್ ಬೇಕು" ಅಂತ ನೀವು ಬಾಯಿ ಬಿಟ್ಟ ತಕ್ಷಣ ಅವರು ಗೋಡೆಗೆ ನೇತುಹಾಕಿರೋ ಅಲಾಯ್ ವೀಲ್ ಕಡೆ ಕೈ ತೋರಿಸಿದರೆ, ಎದ್ದು ಬನ್ನಿ. ಟೀ ತರಿಸಿದ್ದರೂ ಪರವಾಗಿಲ್ಲ, ಎದ್ದು ಬನ್ನಿ.

ನಮ್ಮದು ಡಿಜೈರ್, ಮಧ್ಯದ ವೇರಿಯಂಟ್. ಕಂಪನಿಯಿಂದ ಬಂದಿದ್ದು ಸ್ಟೀಲ್ ಡಿಸ್ಕ್, ಅದರ ಮೇಲೆ 165/80 ಆರ್14 ಟೈರ್, ಅಂದರೆ 14 ಇಂಚಿನ ಡಿಸ್ಕಿಗೆ ಕೂರೋದು. ಬಟನ್, ಅಂದರೆ ನೆಲ ಮುಟ್ಟೋ ರಬ್ಬರಿನ ಉಬ್ಬು-ತಗ್ಗು, ಪೂರ್ತಿ ಸವೆದಿತ್ತು, 2024ರ ಮಳೆಗಾಲ ಶುರುವಾಗೋ ಮೊದಲು ಬದಲಿಸಲೇಬೇಕಿತ್ತು. ಅಮ್ಮನಿಗೆ ಸೊಂಟನೋವು. ಬೆಂಗಳೂರಿನಿಂದ ತಿಪಟೂರಿನ ಆಚೆ ಇರೋ ನಮ್ಮೂರಿಗೆ ಆಗಾಗ ಕರೆದುಕೊಂಡು ಹೋಗಬೇಕು. ತುಮಕೂರಿನವರೆಗೆ ತೊಂದರೆ ಇಲ್ಲ. ಊರಿನ ಒಳದಾರಿಯಲ್ಲಿ ಮಾತ್ರ ಎಲ್ಲಿ ಹಂಪ್ ಇದೆ, ಎಲ್ಲಿ ಗುಂಡಿ ಇದೆ ಅಂತ ದೇವರಿಗೇ ಗೊತ್ತು. ಹೇಗೂ ಟೈರ್ ಬದಲಿಸಬೇಕಲ್ಲ, ಸ್ವಲ್ಪ ಮೆತ್ತಗಿರೋದೇ ಹಾಕಿಸೋಣ ಅಂತ ಮನೆ ಹತ್ತಿರದ ದೊಡ್ಡ ಅಂಗಡಿಗೆ ಹೋದೆ. ಹೆಸರು ಬೇಡ. ಇಂಥ ಅಂಗಡಿ ಒಂದೇ ಇಲ್ಲ.

ಅಮ್ಮನ ವಿಷಯ ಹೇಳಿದೆ. ಅಂಗಡಿಯವನು ಪೂರ್ತಿ ಕೇಳಿಸಿಕೊಂಡ. "14 ಇಂಚು ಹಳೇದಾಯ್ತು ಸಾರ್, ಅದಕ್ಕೇ ಕುಲುಕೋದು. 16 ಹಾಕ್ಸಿ. ಅಗಲ ಟೈರು, ರೋಡಿಗೆ ಕಚ್ಕೊಂಡು ಹೋಗುತ್ತೆ. ಹಂಪು ಬಂದಿದ್ದೇ ಗೊತ್ತಾಗಲ್ಲ" ಅಂದ. ಮೊಬೈಲಿನಲ್ಲಿ ಲೆಕ್ಕ ಹಾಕಿ ತೋರಿಸಿದ. 195/55 ಆರ್16 ಹಾಕಿದರೂ ಚಕ್ರದ ಒಟ್ಟು ಎತ್ತರ ಅಷ್ಟೇ ಇರುತ್ತೆ, ಮೀಟರ್ ತಪ್ಪು ತೋರಿಸಲ್ಲ ಅಂತ. ಹಳೇ ಸ್ಟೀಲ್ ಡಿಸ್ಕ್ ಎಕ್ಸ್‌ಚೇಂಜಿಗೆ ತಗೊಂಡ, ಗುಜರಿ ರೇಟಿಗೆ. ಸ್ಟೆಪ್ನಿನೂ ಕೊಟ್ಟುಬಿಡಿ ಅಂದ, ಅದನ್ನು ಕೊಡಲಿಲ್ಲ. ಟೈರು, ಅಲಾಯ್ ವೀಲು ಎಲ್ಲಾ ಸೇರಿ 50 ಸಾವಿರದ ಹತ್ತಿರ ಬಿಲ್ಲಾಯಿತು.

ಅವನು ತೋರಿಸಿದ ಲೆಕ್ಕ ಸರಿಯೇ. ಮೋಸ ಇರೋದು ತೋರಿಸದೇ ಬಿಟ್ಟ ಲೆಕ್ಕದಲ್ಲಿ. ಟೈರಿನ ಮೇಲೆ ಬರೆದಿರೋ ಮೊದಲ ಅಂಕಿ ಅಗಲ, ಮಿಲಿಮೀಟರಿನಲ್ಲಿ. ಗೆರೆಯ ನಂತರದ್ದು, ಆ ಅಗಲದಲ್ಲಿ ಶೇಕಡಾ ಎಷ್ಟು ಭಾಗ ಟೈರಿನ ಗೋಡೆಯ ಎತ್ತರ ಅನ್ನೋದು. ಗೋಡೆ ಅಂದರೆ ಸೈಡ್‌ವಾಲ್, ಡಿಸ್ಕಿನ ಅಂಚಿನಿಂದ ನೆಲ ಮುಟ್ಟೋ ರಬ್ಬರಿನವರೆಗಿನ ಭಾಗ. 165ರಲ್ಲಿ ಶೇಕಡಾ 80 ಅಂದರೆ 132 ಮಿ.ಮೀ. 195ರಲ್ಲಿ ಶೇಕಡಾ 55 ಅಂದರೆ ಸುಮಾರು 107. ಹೊರಗಿನ ಎತ್ತರ ಎರಡಕ್ಕೂ 620 ಮಿ.ಮೀ. ಆಸುಪಾಸು, ಅದು ನಿಜ. ಆದರೆ ಡಿಸ್ಕು ದೊಡ್ಡದಾದಷ್ಟೂ ರಬ್ಬರಿನ ಗೋಡೆ ಗಿಡ್ಡ ಆಗಲೇಬೇಕಲ್ಲ. ಒಂದು ಕಡೆಗೆ 25 ಮಿ.ಮೀ., ಅಂದರೆ ಹೆಚ್ಚುಕಡಿಮೆ ಒಂದು ಇಂಚು ಹೋಯಿತು. ಗುಂಡಿಗೆ ಚಕ್ರ ಬಿದ್ದಾಗ ಮೊದಲು ಬಾಗೋದು ಆ ಗೋಡೆ. ಅದು ಬಾಗಿ ಉಳಿದ ಪೆಟ್ಟು ಮಾತ್ರ ಶಾಕ್ ಅಬ್ಸಾರ್ಬರ್‌ಗೆ ಹೋಗುತ್ತೆ. ಗೋಡೆ ಗಿಡ್ಡ ಇದ್ದರೆ ಬಾಗೋಕೆ ಜಾಗ ಎಲ್ಲಿ? ಪೆಟ್ಟು ಸೀದಾ ಸೀಟಿಗೆ. ಸಾಲದ್ದಕ್ಕೆ ದೊಡ್ಡ ವೀಲು, ಅಗಲ ಟೈರು ಸಾಮಾನ್ಯವಾಗಿ ತೂಕ ಜಾಸ್ತಿ. ತೂಕದ ಚಕ್ರ ಒಮ್ಮೆ ಮೇಲೆ ಹಾರಿದರೆ ಅದನ್ನು ಹಿಡಿದು ನಿಲ್ಲಿಸೋದು ಸಸ್ಪೆನ್ಷನ್‌ಗೆ ಇನ್ನೂ ಕಷ್ಟ.

16 ಇಂಚು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ತಿರುವಿನಲ್ಲಿ ಕಾರು ಕಡಿಮೆ ವಾಲುತ್ತೆ, ಸ್ಟೀರಿಂಗ್ ತಿರುಗಿಸಿದ ಕೂಡಲೇ ಗಾಡಿ ತಿರುಗುತ್ತೆ, ನೋಡೋಕೂ ಚೆಂದ. ಅದು ಬೇಕಾದವರು ಹಾಕಿಸಿಕೊಳ್ಳಲಿ. ಸೊಂಟನೋವು ಅಂತ ಹೇಳಿ ಹೋದವರಿಗೆ ಅದನ್ನು ಮಾರೋದು ಮಾತ್ರ ಬೇರೆ ಕಥೆ.

ಮೊದಲ ಸಲ ಊರಿಗೆ ಹೊರಟಾಗ ಗುಬ್ಬಿ ದಾಟೋ ಹೊತ್ತಿಗೇ ಗೊತ್ತಾಯಿತು. ರಸ್ತೆಗೆ ಹಾಕಿದ ತೇಪೆಗಳನ್ನು ಕಣ್ಣು ಮುಚ್ಚಿಕೊಂಡು ಎಣಿಸಬಹುದಿತ್ತು. ಹಿಂದಿನ ಸೀಟಿನಿಂದ ಅಮ್ಮ, "ಅಷ್ಟು ದುಡ್ಡು ಕೊಟ್ಟು ಎತ್ತಿನ ಗಾಡಿ ಮಾಡಿಸ್ಕೊಂಡು ಬಂದಿದ್ದೀಯಲ್ಲಪ್ಪಾ" ಅಂದರು. ಬೆಂಗಳೂರಿನ ವೈಟ್ ಟಾಪಿಂಗ್ ಕಾಂಕ್ರೀಟ್ ರಸ್ತೆಗಳಲ್ಲಿ ಇನ್ನೊಂದು ಸಮಸ್ಯೆ. ಟೈರು ಸದಾ ಗುಂಯ್ ಅನ್ನುತ್ತಿತ್ತು, ಹಾಡು ಕೇಳೋಕೆ ವಾಲ್ಯೂಮ್ ಜಾಸ್ತಿ ಮಾಡಬೇಕಿತ್ತು.

ತಿಪಟೂರಿನಲ್ಲಿ ಗಾಳಿ ನೋಡಿಸೋಣ ಅಂತ ಒಂದು ಪಂಚರ್ ಅಂಗಡಿ ಮುಂದೆ ನಿಲ್ಲಿಸಿದೆ. ವಯಸ್ಸಾದ ಯಜಮಾನರು. ಗೇಜ್ ಒತ್ತಿ ನೋಡಿ, "ಯಾರು ಸ್ವಾಮಿ ಇಷ್ಟು ಗಾಳಿ ಹಿಡಿದೋರು?" ಅಂದರು. 40 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಮೇಲಿತ್ತು. ಓಡಿಸಿ ಬಿಸಿಯಾದ ಟೈರಿನಲ್ಲಿ ಮೂರ್ನಾಲ್ಕು ಪಿಎಸ್ಐ ಜಾಸ್ತಿ ತೋರಿಸೋದು ಸಹಜ. ಅದನ್ನು ಕಳೆದರೂ ಜಾಸ್ತಿಯೇ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತೆ, ನಿಮ್ಮ ಕಾರಿಗೆ ಎಷ್ಟು ಗಾಳಿ ಅಂತ ಕಂಪನಿಯೇ ಬರೆದಿರುತ್ತೆ. ಬೆಂಗಳೂರಿನಲ್ಲಿ ಟೈರ್ ಹಾಕಿದ ಅಂಗಡಿಯ ಹುಡುಗ ಅದನ್ನು ನೋಡಿರಲೇ ಇಲ್ಲ. ಟೈರಿನ ಮೇಲೆ "ಮ್ಯಾಕ್ಸ್" ಅಂತ ಬರೆದಿರೋ ಒತ್ತಡ ಅದು ತಡೆದುಕೊಳ್ಳೋ ಮಿತಿ, ತುಂಬಿಸಬೇಕಾದ ಅಳತೆ ಅಲ್ಲ. ಅಂದಹಾಗೆ, ಗಾಳಿ ಬದಲು ನೈಟ್ರೋಜನ್ ಹಾಕಿಸಿದರೆ ಮೆತ್ತಗಾಗುತ್ತೆ ಅಂತ ಆ ಬೆಂಗಳೂರಿನ ಅಂಗಡಿಯವರು ಅದಕ್ಕೂ ದುಡ್ಡು ತಗೊಂಡಿದ್ದರು. ನಾವು ಉಸಿರಾಡೋ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ. ಒತ್ತಡ ಅಷ್ಟೇ ಇದ್ದರೆ ಒಳಗೆ ಯಾವುದು ತುಂಬಿದ್ದರೂ ಗುಂಡಿಗೆ ಬೀಳೋ ಪೆಟ್ಟು ಒಂದೇ.

ಯಜಮಾನರು ಅಲ್ಲಿಗೇ ಬಿಡಲಿಲ್ಲ. ಟೈರಿನ ಸುತ್ತ ಬೆರಳಾಡಿಸಿ, ಡಿಓಟಿ ಅಂತ ಶುರುವಾಗೋ ಸಾಲನ್ನು ಹುಡುಕಿದರು. ಅದರ ಕೊನೆಯ ನಾಲ್ಕು ಅಂಕಿ ಟೈರು ತಯಾರಾದ ವಾರ ಮತ್ತು ವರ್ಷ. ಎಡಗಡೆ ಎರಡು ಟೈರಿನ ಮೇಲೆ 1124 ಅಂತಿತ್ತು, 2024ರ 11ನೇ ವಾರ, ಅಂದರೆ ಮಾರ್ಚ್. ಬಲಗಡೆ ಎರಡರ ಮೇಲೆ ಆ ನಾಲ್ಕು ಅಂಕಿ ಕಾಣಲೇ ಇಲ್ಲ. "ಹೊರಗಿಲ್ಲ ಅಂದ್ರೆ ಒಳಗಿರುತ್ತೆ" ಅಂತ ಗೋಣಿಚೀಲ ಹಾಸಿ ಕಾರಿನ ಕೆಳಗೆ ತಲೆ ತೂರಿಸಿ ಟಾರ್ಚ್ ಬಿಟ್ಟರು. ಹೆಬ್ಬೆರಳಿನಿಂದ ಧೂಳು ಒರೆಸಿದ ಮೇಲೆ ಕಂಡಿತು, 3820. ಅಂದರೆ 2020ರ ಸೆಪ್ಟೆಂಬರ್. ಎರಡೂ ಅದೇ. ಹೊಸದು ಅಂತ ಹೊಸ ರೇಟಿಗೇ ಕೊಟ್ಟಿದ್ದು! ವಾರ-ವರ್ಷದ ಅಂಕಿ ಎಷ್ಟೋ ಟೈರುಗಳಲ್ಲಿ ಒಂದೇ ಮಗ್ಗುಲಲ್ಲಿ ಇರುತ್ತೆ. ಆ ಮಗ್ಗುಲನ್ನು ಬೇಕಂತಲೇ ಒಳಕ್ಕೆ ಮಾಡಿದರೋ ಸುಮ್ನೆ ಹಾಗಾಯಿತೋ, ಅವರನ್ನೇ ಕೇಳಬೇಕು.

ನೆರಳಿನಲ್ಲಿ ಇಟ್ಟಿದ್ದ ಆರು ತಿಂಗಳು, ಒಂದು ವರ್ಷದ ಟೈರಿಗೆ ನನ್ನ ತಕರಾರಿಲ್ಲ. ಆದರೆ ರಬ್ಬರು ಓಡಿಸದೇ ಇಟ್ಟರೂ ಗಾಳಿಗೆ, ಶಾಖಕ್ಕೆ ನಿಧಾನವಾಗಿ ಗಟ್ಟಿಯಾಗುತ್ತೆ. ಗಟ್ಟಿಯಾದ ರಬ್ಬರು ಕುಲುಕುತ್ತೆ, ಸದ್ದು ಮಾಡುತ್ತೆ, ಮಳೆಯಲ್ಲಿ ಜಾರೋದೂ ಜಾಸ್ತಿ. ಮೆತ್ತಗಿರಲಿ ಅಂತ ಕೇಳಿದವನಿಗೆ ನಾಲ್ಕು ವರ್ಷ ಹತ್ತಿರವಾದ ಟೈರು ಕೊಡೋದಾ?

ಯಜಮಾನರು ಗಾಳಿಯನ್ನು ಸ್ಟಿಕ್ಕರಿನ ಅಳತೆಗೆ ತಂದರು. ಸ್ವಲ್ಪ ವ್ಯತ್ಯಾಸ ಆಯಿತು, ಪೂರ್ತಿ ಅಲ್ಲ. ನಾನು ಎಲ್ಲಾ ಫೋಟೋ ತೆಗೆದುಕೊಂಡೆ.

ಬೆಂಗಳೂರಿಗೆ ಬಂದು ಅಂಗಡಿಗೆ ಹೋದರೆ ಹೊಸ ಸಲಹೆ ಸಿಕ್ಕಿತು. "ಗಾಳಿ 26ಕ್ಕೆ ಇಳಿಸ್ಕೊಳಿ ಸಾರ್, ಮೆತ್ತಗಾಗುತ್ತೆ." ಇದನ್ನು ಯಾರು ಹೇಳಿದರೂ ಕೇಳಬೇಡಿ. ಗಾಳಿ ಕಮ್ಮಿ ಇರೋ ಟೈರಿನ ಗೋಡೆ ಪ್ರತಿ ಸುತ್ತಿಗೂ ಜಾಸ್ತಿ ಮಡಚುತ್ತೆ, ಹೈವೇಯಲ್ಲಿ ವೇಗವಾಗಿ ಹೋದರೆ ಬಿಸಿ ಏರುತ್ತೆ, ಸಿಡಿಯೋ ಅಪಾಯ ಇರೋದು ಅಲ್ಲೇ. ಅದರಲ್ಲೂ ಗಿಡ್ಡ ಗೋಡೆಯ ಟೈರಿಗೆ ಗಾಳಿ ಕಮ್ಮಿ ಮಾಡಿದರೆ ಗುಂಡಿಯ ಅಂಚಿಗೂ ಡಿಸ್ಕಿನ ಅಂಚಿಗೂ ನಡುವೆ ರಬ್ಬರು ಸಿಕ್ಕಿ ಜಜ್ಜುತ್ತೆ. ಹಳೇ ಡೇಟಿನ ಟೈರಿನ ಬಗ್ಗೆ ಕೇಳಿದ್ದಕ್ಕೆ "ಕಂಪನಿಯಿಂದ ಹಂಗೇ ಬಂದಿದ್ದು" ಅಂತ ಮುಖ ತಿರುಗಿಸಿದರು.

ಗಾಳಿ ನಾನು ಇಳಿಸಲಿಲ್ಲ. ಆದರೂ ಆ ಮಳೆಗಾಲದಲ್ಲೇ ನೀರು ತುಂಬಿದ್ದ ಒಂದು ಗುಂಡಿಗೆ ಮುಂದಿನ ಎಡಚಕ್ರ ಬಿತ್ತು. ಠಪ್ ಅಂತ ಲೋಹದ ಸದ್ದು. ಇಳಿದು ನೋಡಿದರೆ ಟೈರಿನ ಗೋಡೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಉಬ್ಬು. ಒಳಗಿನ ದಾರಗಳು ಕಿತ್ತುಹೋದಾಗ ಗಾಳಿ ರಬ್ಬರನ್ನು ಹೊರಗೆ ತಳ್ಳಿ ಹೀಗಾಗುತ್ತೆ. ಇದಕ್ಕೆ ಪಂಚರ್ ಹಾಕೋಕಾಗಲ್ಲ, ರಿಪೇರಿ ಅನ್ನೋದೇ ಇಲ್ಲ. ಉಬ್ಬಿದ ಟೈರಿನಲ್ಲಿ ಓಡಿಸಲೂಬಾರದು, ಯಾವಾಗ ಒಡೆಯುತ್ತೆ ಹೇಳೋಕಾಗಲ್ಲ. ಅಲಾಯ್ ಅಂಚೂ ಡೊಂಕಾಗಿತ್ತು. ಕೊಡದೇ ಉಳಿಸಿಕೊಂಡಿದ್ದ ಹಳೇ ಸ್ಟೆಪ್ನಿ ಅವತ್ತು ಮನೆ ಮುಟ್ಟಿಸಿತು.

ವಾರಂಟಿ? ಅದು ತಯಾರಿಕೆಯ ದೋಷಕ್ಕೆ. ಗುಂಡಿಗೆ ಬಿದ್ದು ಆದದ್ದು ಇಂಪ್ಯಾಕ್ಟ್ ಡ್ಯಾಮೇಜ್ ಅಂದರು, ಮುಗಿಯಿತು. ಇನ್ಶೂರೆನ್ಸ್‌ನಲ್ಲೂ ಸಾಮಾನ್ಯ ಪಾಲಿಸಿ ಇದ್ದರೆ ಬರೀ ಟೈರು ಹಾಳಾದದ್ದಕ್ಕೆ ದುಡ್ಡು ಬರಲ್ಲ. ಗಾಡಿಗೂ ಅದೇ ಹೊತ್ತಿಗೆ ಏಟಾಗಿರಬೇಕು, ಆಗಲೂ ಟೈರಿನ ಬೆಲೆಯಲ್ಲಿ ಅರ್ಧ ಮಾತ್ರ. ಹೊರಗೆ ಹಾಕಿಸಿದ ಅಲಾಯ್ ಬಗ್ಗೆ ಇನ್ಶೂರೆನ್ಸ್ ಕಂಪನಿಗೆ ಮೊದಲೇ ತಿಳಿಸದಿದ್ದರೆ ಅದಕ್ಕೂ ತಗಾದೆ. ಅಂಗಡಿಯವರು ಇದ್ಯಾವುದನ್ನೂ ಹೇಳಲ್ಲ.

ಹಳೇ ಡೇಟಿನ ಎರಡು ಟೈರಿಗೆ ಮಾತ್ರ ನಾನು ಬಿಡಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ, ಬಿಲ್ಲು, ಫೋಟೋ ಕಳಿಸಿದೆ. ಆಮೇಲೆ ಅಂಗಡಿಯಿಂದಲೇ ಫೋನ್ ಬಂತು, ಎರಡೂ ಬದಲಿಸಿಕೊಟ್ಟರು. ಹಾಗೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗೋಣ ಅಂತಿದ್ದೆ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಅಲ್ಲಿ ದೂರಿಗೆ ಶುಲ್ಕ ಇಲ್ಲ.

ಅಲಾಯ್ ಮಾತ್ರ ವಾಪಸ್ ತಗೊಳ್ಳಲಿಲ್ಲ. ಸಿಕ್ಕ ರೇಟಿಗೆ ಮಾರಿದೆ. ಸ್ಟೀಲ್ ಡಿಸ್ಕ್ ಹುಡುಕಿಕೊಂಡು ಜೆ.ಸಿ. ರಸ್ತೆ ಸುತ್ತಿದೆ, ಕೊನೆಗೆ ಶಿವಾಜಿನಗರದಲ್ಲಿ ಸೆಕೆಂಡ್‌ಹ್ಯಾಂಡ್ ಸಿಕ್ಕಿತು. ನೀವೂ ಹಾಗೆ ತಗೊಂಡರೆ ಡಿಸ್ಕನ್ನು ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಹಾಕಿ ತಿರುಗಿಸಿ, ಅಂಚು ಓಲಾಡುತ್ತಾ ಅಂತ ನೋಡಿಯೇ ದುಡ್ಡು ಕೊಡಿ. ಈಗ ಮತ್ತೆ 165/80 ಆರ್14. ಅಮ್ಮ ತುಮಕೂರಿನವರೆಗೆ ನಿದ್ದೆ ಮಾಡುತ್ತಾರೆ.

ಸೈಜ್ ಸರಿ ಇದ್ದರೆ ಸಾಕಾ ಅಂದರೆ, ಅದೂ ಇಲ್ಲ. ಒಂದೇ ಕಂಪನಿಯಲ್ಲೂ ಬೇರೆ ಬೇರೆ ಗುಣದ ಟೈರ್ ಇರುತ್ತೆ. ಮಿಷೆಲಿನ್ ಪ್ರೈಮಸಿ, ಬ್ರಿಜ್‌ಸ್ಟೋನ್ ಟುರಾಂಜಾ ಥರದವು ಸದ್ದಿಲ್ಲದ, ಮೆತ್ತಗಿನ ಓಟಕ್ಕೆ ಹೆಸರಾದವು. ಅಪೊಲೊ ಅಮೇಜರ್ 4ಜಿ ಲೈಫ್ ಥರದ್ದನ್ನು ಜಾಸ್ತಿ ಕಿಲೋಮೀಟರ್ ಬರಲಿ ಅಂತಲೇ ಮಾಡಿರೋದು. ದಿನಾ ಓಡೋ ಟ್ಯಾಕ್ಸಿಯವರಿಗೆ ಅದು ಸರಿ. ಸಣ್ಣ ಸೈಜಿನಲ್ಲಿ ಎಲ್ಲಾ ಮಾಡೆಲ್ ಸಿಗಲ್ಲ, ಇರೋದರಲ್ಲೇ ಆರಿಸಬೇಕು. ಸೈಜಿನ ಜೊತೆ ಎಕ್ಸ್‌ಎಲ್ ಅಂತ ಇದ್ದರೆ ಅದು ಜಾಸ್ತಿ ಭಾರ ಹೊರೋ ಟೈರು, ಗೋಡೆ ಇನ್ನೂ ಬಿಗಿ. ನಿಮ್ಮ ಕಾರಿಗೆ ಕಂಪನಿ ಅದನ್ನು ಹೇಳಿಲ್ಲ ಅಂದರೆ ಕಂಫರ್ಟ್ ಹೆಸರಿನಲ್ಲಿ ಅದನ್ನು ತಗೋಬೇಡಿ. ಸೈಜ್ ಆದ ಮೇಲೆ 85ಟಿ ಅಂತೆಲ್ಲ ಬರೆದಿರುತ್ತೆ. 85 ಅಂದರೆ ಒಂದು ಟೈರು 515 ಕೆ.ಜಿ. ಹೊರುತ್ತೆ, ಟಿ ಅಂದರೆ ಗಂಟೆಗೆ 190 ಕಿ.ಮೀ. ವೇಗ ತಾಳುತ್ತೆ ಅಂತ. ಕಾರಿಗೆ ಹೇಳಿರೋದಕ್ಕಿಂತ ಇವು ಕಮ್ಮಿ ಇರಲೇಬಾರದು. ಐಎಸ್ಐ ಗುರುತು ಇರಲೇಬೇಕು.

ಇನ್ನೊಂದು. ಟೈರಿಗೆ ಕೈ ಹಾಕೋ ಮೊದಲು ನಿಮ್ಮ ನಂಬಿಕೆಯ ಮೆಕ್ಯಾನಿಕ್ ಹತ್ತಿರ ಶಾಕ್ ಅಬ್ಸಾರ್ಬರ್, ಬುಷ್ (ಸಸ್ಪೆನ್ಷನ್ ಕೀಲುಗಳಲ್ಲಿರೋ ರಬ್ಬರು) ನೋಡಿಸಿ. ಶಾಕ್ ಅಬ್ಸಾರ್ಬರ್‌ನಿಂದ ಆಯಿಲ್ ಸೋರುತ್ತಿದ್ದರೆ ಎಂಥ ಟೈರು ಹಾಕಿದರೂ ಕುಲುಕೋದೇ.

ಅಂಗಡಿಯಲ್ಲಿ ಟೈರುಗಳನ್ನು ಡಿಸ್ಕಿಗೆ ಏರಿಸೋ ಮೊದಲು ನಾಲ್ಕನ್ನೂ ನೆಲದ ಮೇಲೆ ಮಲಗಿಸಿ ಎರಡೂ ಮಗ್ಗುಲು ನೋಡಿ, ವಾರ-ವರ್ಷದ ಫೋಟೋ ತೆಗೆದುಕೊಳ್ಳಿ. ಏರಿಸಿದ ಮೇಲೆ ವಾಪಸ್ ತಗೊಳ್ಳಲ್ಲ ಅಂತಾರೆ. ಬಿಲ್ಲಿನಲ್ಲಿ ಮಾಡೆಲ್, ಸೈಜ್, ಆ ನಾಲ್ಕು ಅಂಕಿ ಬರೆಸಿ. ನನ್ನ ಬಿಲ್ಲಿನಲ್ಲಿ ಇದ್ದಿದ್ದು "ಟೈರ್ 4, ಅಲಾಯ್ 4" ಅಷ್ಟೇ. ತಿಪಟೂರಿನಲ್ಲಿ ತೆಗೆದ ಫೋಟೋ ಇರದಿದ್ದರೆ ಆ ಎರಡು ಟೈರೂ ಸಿಗುತ್ತಿರಲಿಲ್ಲ. ಬರೆದುಕೊಡಲ್ಲ ಅಂದರೆ ಪಕ್ಕದಲ್ಲೇ ಇನ್ನೊಂದು ಅಂಗಡಿ ಇರುತ್ತೆ.