ಇಂಗಾಲದ ತೆರಿಗೆಯೋ, ಮುಚ್ಚುವ ಗಡುವೋ?

ಭೂಮಿಯನ್ನು ಬಿಸಿ ಮಾಡುವ ಹೊಗೆಯನ್ನು ತಗ್ಗಿಸಲು ಎರಡು ದಾರಿ: ಇಂಧನ ಸುಟ್ಟಾಗ ಹೊಮ್ಮುವ ಇಂಗಾಲಕ್ಕೆ ತೆರಿಗೆ, ಇಲ್ಲವೇ ಕಲ್ಲಿದ್ದಲಿನ ಸ್ಥಾವರಗಳನ್ನು ಮುಚ್ಚಲು ಗಡುವು. ತೆರಿಗೆ ಹಾಕಿ ಹೊಗೆಗೆ ಬೆಲೆ ಕಟ್ಟಿದರೆ ಎಲ್ಲಿ ಸುಲಭವೋ ಅಲ್ಲಿ ಮೊದಲು ಇಂಧನದ ಬಳಕೆ ತಗ್ಗುತ್ತದೆ, ಬೊಕ್ಕಸಕ್ಕೂ ಹಣ ಬರುತ್ತದೆ. ಸ್ವೀಡನ್ 1991ರಿಂದಲೇ ಇಂಗಾಲದ ತೆರಿಗೆ ವಸೂಲು ಮಾಡುತ್ತಿದೆ. ಆದರೆ ಹೊರೆ ಪೆಟ್ರೋಲ್ ಬಂಕಿನ ದರಫಲಕದಲ್ಲೇ ಕಣ್ಣಿಗೆ ರಾಚುತ್ತದೆ. 2018ರಲ್ಲಿ ಫ್ರಾನ್ಸ್‌ನಲ್ಲಿ ಇಂಧನ ತೆರಿಗೆ ಏರಿಕೆ ವಿರೋಧಿಸಿ ಹಳದಿ ಮೇಲಂಗಿ ತೊಟ್ಟ ಜನ ಬೀದಿಗಿಳಿದರು. ಸರ್ಕಾರ ತೆರಿಗೆ ಏರಿಕೆಯನ್ನು ಕೈಬಿಟ್ಟಿತು.

ಗಡುವಿನ ದಾರಿ ದುಬಾರಿ, ನಿಧಾನ. ಜರ್ಮನಿ 2020ರಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳನ್ನು ಮುಚ್ಚಲು 2038ರ ಗಡುವು ವಿಧಿಸಿತು, ಗಣಿ ಪ್ರದೇಶಗಳಿಗೆ 4,000 ಕೋಟಿ ಯೂರೊವರೆಗಿನ ನೆರವಿಗೆ ಒಪ್ಪಿತು. ಗಣಿಯನ್ನೇ ನಂಬಿದ ಊರಿಗೆ ಬೇರೆ ಕಸುಬು ಹುಡುಕಲು ವರ್ಷಗಳ ಕಾಲಾವಕಾಶ ಸಿಗುತ್ತದೆ. ನನಗೆ ಇದೇ ದೊಡ್ಡ ಮಾತು.

ವಿದ್ಯುತ್ ಸ್ಥಾವರಗಳು ಬೆರಳೆಣಿಕೆಯಷ್ಟಿದ್ದರೆ ಗಡುವನ್ನೇ ಆರಿಸಿ. ಲಕ್ಷಾಂತರ ವಾಹನಗಳಿಗೆ ತೆರಿಗೆಯೇ ಸರಿ, ಆದರೆ ಬಂದ ಹಣವನ್ನು ಬಡ ಮನೆಗಳಿಗೆ ಮೊದಲು ಹಿಂತಿರುಗಿಸಬೇಕು.